ಆ ಮನೆಯಲ್ಲಿ ಜೋರಾಗಿ ಮಾತಾಡುವ ಹಾಗಿಲ್ಲ

ಪ್ರಶ್ನೆ: ಜಪಾನಿನ ‘ನೋಬಡಿ ನೋಸ್’ ಸಿನಿಮಾ ನೋಡಿದೆ. ತಾಯಿ ನಾಲ್ಕು ಮಕ್ಕಳನ್ನು ಬಾಡಿಗೆ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. 12 ವರ್ಷದ ಹುಡುಗ ಮನೆ ನಡೆಸುತ್ತಾನೆ. ಇದು ನಿಜವಾಗಿ ನಡೆದದ್ದು ಅಂತಾರೆ, ಹೌದಾ? ಟೋಕಿಯೊದಂಥ ಊರಿನಲ್ಲಿ ಅಷ್ಟು ತಿಂಗಳು ಯಾರಿಗೂ ಗೊತ್ತಾಗದೆ ಇರಲು ಹೇಗೆ ಸಾಧ್ಯ? ಆ ಹುಡುಗ ಪೊಲೀಸರ ಹತ್ತಿರ ಯಾಕೆ ಹೋಗುವುದಿಲ್ಲ? ನಿಜ ಹೇಳಬೇಕೆಂದರೆ ಮೊದಲ ಒಂದು ಗಂಟೆ ಏನೂ ನಡೆಯುವುದೇ ಇಲ್ಲ ಅನಿಸಿತು. ಕೊನೆಗೆ ಅಂಥ ದುರಂತ ಆದಾಗಲೂ ಯಾರೂ ಗೋಳಾಡುವುದಿಲ್ಲ, ತಾಯಿಗೆ ಶಿಕ್ಷೆಯೂ ಆಗುವುದಿಲ್ಲ. ನಿರ್ದೇಶಕರಿಗೆ ಸಿಟ್ಟೇ ಬರಲಿಲ್ಲವಾ? ಇನ್ನೊಂದು, 11 ವರ್ಷದ ನನ್ನ ಮಗಳಿಗೆ ಇದನ್ನು ತೋರಿಸಬಹುದಾ?

ಉತ್ತರ: ನೀವು ಕೇಳಿದ್ದು ಐದಾರು ಪ್ರಶ್ನೆ. ಆದರೆ ಹೆಚ್ಚಿನವಕ್ಕೆ ಉತ್ತರ ಸಿನಿಮಾದ ಮೊದಲ ಹತ್ತು ಹದಿನೈದು ನಿಮಿಷದಲ್ಲೇ ಇದೆ. ಸಿನಿಮಾ ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿ ಬಂದು ಓದಿ. ಮುಂದೆ ಕಥೆಯನ್ನೆಲ್ಲ ಹೇಳಲೇಬೇಕಾಗುತ್ತದೆ.

ಹೊಸ ಮನೆಗೆ ಬರುವ ದಿನವನ್ನು ನೆನಪಿಸಿಕೊಳ್ಳಿ. ತಾಯಿ ಕೇಕೊ ಮತ್ತು ದೊಡ್ಡ ಮಗ ಅಕಿರಾ ಮಾಲೀಕರಿಗೆ ನಮಸ್ಕಾರ ಹೇಳುತ್ತಾರೆ. ಮನೆಯಲ್ಲಿರುವುದು ನಾವಿಬ್ಬರೇ ಅನ್ನುವ ಹಾಗೆ ನಡೆದುಕೊಳ್ಳುತ್ತಾರೆ. ಸಾಮಾನು ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಸೂಟ್‌ಕೇಸ್‌ಗಳನ್ನು ತೆರೆಯುತ್ತಾರೆ. ಒಂದರಿಂದ ಶಿಗೆರು ಹೊರಗೆ ಬರುತ್ತಾನೆ, ಇನ್ನೊಂದರಿಂದ ಪುಟ್ಟ ಯುಕಿ. ಮಕ್ಕಳು ನಗುತ್ತಿರುತ್ತಾರೆ. ಅವರಿಗೆ ಅದೊಂದು ಆಟ. ದೊಡ್ಡ ಹುಡುಗಿ ಕ್ಯೋಕೊ ಸೂಟ್‌ಕೇಸ್‌ನಲ್ಲಿ ಹಿಡಿಸುವುದಿಲ್ಲ. ಆಕೆ ಕತ್ತಲಾದ ಮೇಲೆ ರೈಲಿನಲ್ಲಿ ಬರುತ್ತಾಳೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ತಾಯಿ ಮನೆಯ ನಿಯಮ ಹೇಳುತ್ತಾಳೆ. ಜೋರಾಗಿ ಮಾತಾಡಬಾರದು. ಮನೆಯಿಂದ ಹೊರಗೆ ಕಾಲಿಡಬಾರದು, ಬಾಲ್ಕನಿಗೂ ಹೋಗಬಾರದು. ಬಟ್ಟೆ ಒಗೆಯುವ ಕೆಲಸಕ್ಕೆ ಕ್ಯೋಕೊಗೆ ಮಾತ್ರ ಬಾಲ್ಕನಿಯ ವಿನಾಯಿತಿ.

ಇಡೀ ಸಿನಿಮಾದ ಮೌನ ಹುಟ್ಟುವುದು ಇಲ್ಲಿ. ಜಪಾನಿನ ಸಿನಿಮಾ ಅಂದಮೇಲೆ ನಿಧಾನ, ಮೌನ ಎಲ್ಲ ಇದ್ದದ್ದೇ ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಇಲ್ಲಿ ಅದು ಶೈಲಿಯ ಮಾತಲ್ಲ. ಮಕ್ಕಳು ಸದ್ದು ಮಾಡಿದರೆ ಮನೆ ಹೋಗುತ್ತದೆ, ಮನೆ ಹೋದರೆ ನಾಲ್ವರೂ ದಿಕ್ಕಾಪಾಲಾಗುತ್ತಾರೆ. ಹಾಗಾಗಿ ಅವರು ಪಿಸುಗುಟ್ಟುತ್ತಾರೆ. ಕ್ಯಾಮೆರಾ ಕೂಡ ಅವರ ಜೊತೆ ಒಳಗೇ ಕೂತು ಅದೇ ನಿಯಮ ಪಾಲಿಸುತ್ತದೆ. ಅಳುವುದಕ್ಕೂ ಸದ್ದು ಬೇಕು. ಆ ಸದ್ದಿಗೆ ಆ ಮನೆಯಲ್ಲಿ ಅನುಮತಿ ಇಲ್ಲ. ಕೊನೆಯಲ್ಲಿ ಯಾರೂ ಗೋಳಾಡುವುದಿಲ್ಲ ಎಂದಿರಲ್ಲ, ಅದಕ್ಕೆ ಕಾರಣ ಇದೇ.

ಈಗ ನಿಜ ಘಟನೆ. ಹೌದು, ನಡೆದದ್ದೇ. ಟೋಕಿಯೊದ ತೊಶಿಮಾ ವಾರ್ಡಿನ ಸುಗಾಮೊ ಎಂಬ ಜಾಗದಲ್ಲಿ, 1988ರಲ್ಲಿ ಬೆಳಕಿಗೆ ಬಂದ ಪ್ರಕರಣ. ತಾಯಿ ಹಿಂದಿನ ವರ್ಷವೇ ಮನೆ ಬಿಟ್ಟಿದ್ದಳು. 14 ವರ್ಷದ ಮಗನ ಕೈಗೆ ಮೂವರು ತಂಗಿಯರನ್ನು ಒಪ್ಪಿಸಿ, ಆಗೊಮ್ಮೆ ಈಗೊಮ್ಮೆ ದುಡ್ಡು ಕಳಿಸುತ್ತಿದ್ದಳು. ಜುಲೈನಲ್ಲಿ ಅಧಿಕಾರಿಗಳು ಬಾಗಿಲು ತೆರೆಸಿದಾಗ ಹುಡುಗಿಯರು ಸರಿಯಾದ ಊಟವಿಲ್ಲದೆ ಸೊರಗಿದ್ದರು. ಎರಡು ವರ್ಷದ ಕೊನೆಯ ಮಗು ಇರಲಿಲ್ಲ. ಅಣ್ಣನ ಸ್ನೇಹಿತರ ಕೈಯಲ್ಲಿ ಪೆಟ್ಟು ತಿಂದು ಆ ವಸಂತದಲ್ಲೇ ಸತ್ತಿತ್ತು. ದೇಹವನ್ನು ಚಿಚಿಬು ಎಂಬಲ್ಲಿಯ ಕಾಡಿನಲ್ಲಿ ಹೂತಿದ್ದರು. ತಾಯಿಗೆ ಮೂರು ವರ್ಷ ಜೈಲು ಶಿಕ್ಷೆ ಆಯಿತು, ಆದರೆ ಅದನ್ನು ನಾಲ್ಕು ವರ್ಷ ಅಮಾನತಿನಲ್ಲಿ ಇಟ್ಟರು. ಅಂದರೆ ಜೈಲಿಗೆ ಹೋಗಲಿಲ್ಲ.

ಸಿನಿಮಾ ಇದನ್ನು ಹಾಗೆಯೇ ತೆಗೆದುಕೊಂಡಿಲ್ಲ. ಹುಡುಗನ ವಯಸ್ಸು 12 ಆಯಿತು. ನಾಲ್ವರಲ್ಲಿ ಒಬ್ಬ ತಮ್ಮ ಬಂದ. ಮುಖ್ಯವಾಗಿ, ಪುಟ್ಟಿಯ ಸಾವಿನಿಂದ ಹೊರಗಿನವರ ಹಿಂಸೆಯನ್ನು ತೆಗೆದುಹಾಕಿದರು. ಯುಕಿ ಕುರ್ಚಿಯಿಂದ ಬೀಳುತ್ತಾಳೆ, ಅಷ್ಟೇ. ಕೆಲವರು ಇದನ್ನು ನಿಜವನ್ನು ಮೆತ್ತಗೆ ಮಾಡಿದ್ದು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹೊಡೆದು ಕೊಂದರು ಎಂದಿದ್ದರೆ ನಮಗೆ ಸಿಟ್ಟು ಹಾಕಲು ಒಂದು ಮುಖ ಸಿಗುತ್ತಿತ್ತು. ಒಂದಿಬ್ಬರು ಪುಂಡರನ್ನು ಬೈದು ಎದ್ದು ಹೋಗುತ್ತಿದ್ದೆವು. ಕುರ್ಚಿಯಿಂದ ಬೀಳುವುದು ಯಾವ ಮನೆಯಲ್ಲೂ ಆಗುತ್ತದೆ. ಬೇರೆ ಮನೆಯಲ್ಲಾದರೆ ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಇಲ್ಲಿ ಆ ಓಡುವ ದೊಡ್ಡವರು ಇಲ್ಲ. ಸಾವಿಗೆ ಕಾರಣ ಅದೊಂದೇ. ಇದು ನನಗೆ ಹೊಡೆತಕ್ಕಿಂತ ಕ್ರೂರವಾಗಿ ಕಾಣುತ್ತದೆ.

ಘಟನೆ ಹೊರಬಂದಾಗ ಪತ್ರಿಕೆಗಳೆಲ್ಲ ಆ ಮನೆಯನ್ನು ನರಕ ಎಂದು ಬರೆದವು. ನಿರ್ದೇಶಕ ಹಿರೊಕಾಜು ಕೊರೆಎದಾ ಆಗ 20ರ ಹರೆಯದವರು. ಅವರ ಮನಸ್ಸಿನಲ್ಲಿ ನಿಂತದ್ದು ಬೇರೆಯೇ. ಬದುಕಿ ಉಳಿದ ತಂಗಿ, ಅಣ್ಣ ಒಳ್ಳೆಯವನು, ನಮ್ಮನ್ನು ಚೆನ್ನಾಗಿ ನೋಡಿಕೊಂಡ ಎಂಬ ಅರ್ಥದಲ್ಲಿ ಮಾತಾಡಿದ್ದಳು. ಹಾಗಾದರೆ ಆ ಬಾಗಿಲಿನ ಒಳಗೆ ನರಕದ ಜೊತೆಗೆ ಇನ್ನೇನೋ ಇದ್ದಿರಬೇಕಲ್ವಾ? ಆಟ, ನಗು, ಒಬ್ಬರಿಗೊಬ್ಬರು ಊಟ ಹಂಚಿದ್ದು? ಆ ಪ್ರಶ್ನೆ ಇಟ್ಟುಕೊಂಡು ಚಿತ್ರಕಥೆ ಬರೆದರು. ಅದು ಸಿನಿಮಾ ಆಗಲು ಹದಿನೈದು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರು ಟಿವಿಗೆ ಸಾಕ್ಷ್ಯಚಿತ್ರ ಮಾಡುತ್ತಾ ಪಳಗಿದ್ದರು. ಆ ಕೈ ಇಲ್ಲಿ ಎದ್ದು ಕಾಣುತ್ತದೆ. ಛಾಯಾಗ್ರಾಹಕ ಯುತಾಕಾ ಯಮಾಝಾಕಿ ಕೂಡ ಸಾಕ್ಷ್ಯಚಿತ್ರದಿಂದ ಬಂದವರೇ.

ಯಾರಿಗೂ ಗೊತ್ತಾಗದೆ ಇರಲು ಹೇಗೆ ಸಾಧ್ಯ ಎಂದು ಕೇಳಿದಿರಿ. ಇದರಲ್ಲಿ ಎರಡು ಬೇರೆ ವಿಷಯ ಇವೆ. ಸರ್ಕಾರಕ್ಕೆ ಗೊತ್ತಾಗದೇ ಇದ್ದದ್ದು ಒಂದು, ಜನರಿಗೆ ಗೊತ್ತಾಗದೇ ಇದ್ದದ್ದು ಇನ್ನೊಂದು.

ಸರ್ಕಾರದ್ದು ಮೊದಲು. ಜಪಾನಿನಲ್ಲಿ ಪ್ರತಿ ಕುಟುಂಬಕ್ಕೂ ‘ಕೊಸೆಕಿ’ ಎಂಬ ದಾಖಲೆ ಇರುತ್ತದೆ. ಹುಟ್ಟು, ಮದುವೆ, ವಿಚ್ಛೇದನ, ಸಾವು ಎಲ್ಲವೂ ಅದರಲ್ಲೇ. ಮಗು ಹುಟ್ಟಿದ 14 ದಿನದೊಳಗೆ ಸ್ಥಳೀಯ ಕಚೇರಿಗೆ ತಿಳಿಸಬೇಕು. ಮಗುವಿಗೆ ಶಾಲೆಯ ವಯಸ್ಸಾದಾಗ ದಾಖಲೆ ನೋಡಿ ಕಚೇರಿಯವರೇ ಮನೆಗೆ ಪತ್ರ ಕಳಿಸುತ್ತಾರೆ. ವ್ಯವಸ್ಥೆ ಅಚ್ಚುಕಟ್ಟಾಗಿದೆ. ಆದರೆ ಹುಟ್ಟನ್ನೇ ಯಾರೂ ಬರೆಸದಿದ್ದರೆ? ಆಗ ಪತ್ರ ಬರುವುದಿಲ್ಲ, ಶಾಲೆ ಇಲ್ಲ, ಯಾಕೆ ಬಂದಿಲ್ಲ ಎಂದು ಕೇಳುವ ಮೇಷ್ಟ್ರೂ ಇಲ್ಲ. ಸುಗಾಮೊದಲ್ಲಿ ಆದದ್ದು ಇದೇ. ಮದುವೆಯನ್ನೂ ಮಗುವಿನ ಹುಟ್ಟನ್ನೂ ಬರೆಸಿದ್ದೇನೆ ಎಂದು ಗಂಡ ಹೇಳಿದ್ದ, ಬರೆಸಿರಲಿಲ್ಲ. ದೊಡ್ಡ ಮಗನಿಗೆ ಶಾಲೆಯ ಪತ್ರ ಬಾರದೆ ಇದ್ದಾಗ ತಾಯಿಗೆ ಅದು ತಿಳಿಯಿತು. ಆಮೇಲೆ ಆಕೆಯೂ ಸರಿಮಾಡಲು ಹೋಗಲಿಲ್ಲ, ಮುಂದೆ ಹುಟ್ಟಿದವರನ್ನೂ ಬರೆಸಲಿಲ್ಲ. ಕಾಗದದ ಲೆಕ್ಕದಲ್ಲಿ ಆ ಮಕ್ಕಳು ಹುಟ್ಟಿಯೇ ಇರಲಿಲ್ಲ.

ಇಂಥ ಮಕ್ಕಳು ಈಗಲೂ ಅಲ್ಲಿದ್ದಾರೆ. ಹೆಚ್ಚಿನವರದು ಬೇರೆ ಕಾರಣ. ವಿಚ್ಛೇದನ ಆಗಿ 300 ದಿನದೊಳಗೆ ಹುಟ್ಟಿದ ಮಗು ಹಳೆಯ ಗಂಡನದೇ ಎಂದು ಅಲ್ಲಿನ ಕಾನೂನು ಎಣಿಸುತ್ತಿತ್ತು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದ ಹೆಂಗಸು ಅವನ ಹೆಸರು ಬರೆಸಲು ಹೆದರಿ ಮಗುವನ್ನೇ ದಾಖಲೆಯಿಂದ ಹೊರಗಿಡುತ್ತಿದ್ದಳು. ಮಗು ಹುಟ್ಟುವ ಹೊತ್ತಿಗೆ ತಾಯಿ ಮರುಮದುವೆ ಆಗಿದ್ದರೆ ಹೊಸ ಗಂಡನನ್ನೇ ತಂದೆ ಎಂದು ಎಣಿಸುವ ತಿದ್ದುಪಡಿ ಜಾರಿಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಪ್ರತ್ಯೇಕ ಕಾನೂನು ಬಂದದ್ದೂ 2000ದಲ್ಲಿ. ಅಂದರೆ ಸುಗಾಮೊ ಪ್ರಕರಣ ಆಗಿ ಹನ್ನೆರಡು ವರ್ಷದ ಮೇಲೆ.

ಇನ್ನು ಜನರದ್ದು. ಇಲ್ಲಿ ಸಿನಿಮಾವನ್ನು ಮತ್ತೊಮ್ಮೆ ಹುಷಾರಾಗಿ ನೋಡಿ ಎನ್ನುತ್ತೇನೆ. ಗೊತ್ತಾಗದೇ ಇದ್ದವರು ಬಹಳ ಕಡಿಮೆ. ಬಾಡಿಗೆ ಕೇಳಲು ಬಂದ ಮಾಲೀಕರ ಮನೆಯಾಕೆ ಒಳಗಿನ ಮಕ್ಕಳನ್ನು, ಮನೆಯ ಅವಸ್ಥೆಯನ್ನು ಕಣ್ಣಾರೆ ನೋಡುತ್ತಾಳೆ, ಹೋಗುತ್ತಾಳೆ. ಪಕ್ಕದ ಅಂಗಡಿಯ ಹುಡುಗ ಅವಧಿ ಮುಗಿದ ಅನ್ನದ ಉಂಡೆಗಳನ್ನು ಹಿಂಬಾಗಿಲಿನಿಂದ ಅಕಿರಾಗೆ ಕೊಡುತ್ತಾನೆ. ಅದೇ ಅಂಗಡಿಯ ಹುಡುಗಿ ಮಕ್ಕಳ ಪರಿಸ್ಥಿತಿಯನ್ನು ಪೂರ್ತಿ ತಿಳಿದವಳು. ತಾಯಿಯ ಹಳೆಯ ಗೆಳೆಯರನ್ನು ಅಕಿರಾ ಹುಡುಕಿಕೊಂಡು ಹೋಗಿ ದುಡ್ಡು ಕೇಳುತ್ತಾನೆ. ಅವರಲ್ಲೊಬ್ಬ ಟ್ಯಾಕ್ಸಿ ಡ್ರೈವರ್, ಇನ್ನೊಬ್ಬ ಪಚಿಂಕೊ ಆಟದ ಅಂಗಡಿಯಲ್ಲಿ ಕೆಲಸದವನು. ಅವರಿಗೂ ಗೊತ್ತು. ಪಾರ್ಕಿನ ನಲ್ಲಿಯಲ್ಲಿ ಮಕ್ಕಳು ಬಟ್ಟೆ ಒಗೆಯುತ್ತಾರೆ, ತಲೆ ತೊಳೆಯುತ್ತಾರೆ, ಬಾಟಲಿಗಳಲ್ಲಿ ನೀರು ಹೊತ್ತು ತರುತ್ತಾರೆ. ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಎಲ್ಲರಿಗೂ ಚೂರುಚೂರು ಗೊತ್ತು. ಆ ಚೂರುಗಳನ್ನು ಒಟ್ಟಿಗೆ ಸೇರಿಸಿ ‘ಇದು ನನ್ನ ಕೆಲಸ’ ಎಂದು ಮುಂದೆ ಬರುವವರು ಮಾತ್ರ ಒಬ್ಬರೂ ಇಲ್ಲ. ನಮಗ್ಯಾಕೆ ಊರ ಉಸಾಬರಿ ಎಂದು ಸುಮ್ನೆ ಇರುವುದು ಜಪಾನಿನವರಿಗೆ ಮಾತ್ರ ಗೊತ್ತಿರುವ ವಿದ್ಯೆ ಅಲ್ಲ. ಆದರೆ ಇಲ್ಲಿ ಕೈಲಾದ ಸಹಾಯ ಮಾಡಿದವರೂ ಇದ್ದಾರೆ, ಅವರ ಒಳ್ಳೆಯತನ ನಿಜ. ಆ ಒಳ್ಳೆಯತನವೇ ಮಕ್ಕಳು ಹಾಗೇ ಇನ್ನಷ್ಟು ದಿನ ದೂಡಲು ದಾರಿ ಮಾಡಿತು. ಈ ಸಂಕಟಕ್ಕೆ ಸಿನಿಮಾ ಪರಿಹಾರ ಹೇಳುವುದಿಲ್ಲ.

ಪೊಲೀಸರ ಪ್ರಶ್ನೆಗೆ ಅಕಿರಾನೇ ಉತ್ತರ ಕೊಟ್ಟಿದ್ದಾನೆ, ಬಹುಶಃ ನಿಮ್ಮ ಕಣ್ಣು ತಪ್ಪಿರಬೇಕು. ಅಂಗಡಿಯ ಹುಡುಗಿ ಪೊಲೀಸರಿಗೋ ಮಕ್ಕಳ ಕಲ್ಯಾಣದವರಿಗೋ ಹೇಳಬಾರದಾ ಎಂದು ಕೇಳುತ್ತಾಳೆ. ಹಾಗೆ ಮಾಡಿದರೆ ನಾವು ನಾಲ್ವರೂ ಒಟ್ಟಿಗೆ ಇರಲು ಆಗುವುದಿಲ್ಲ, ಹಿಂದೆ ಒಮ್ಮೆ ಹಾಗಾಗಿ ತುಂಬ ಕಷ್ಟ ಆಯಿತು ಎನ್ನುತ್ತಾನೆ. ಒಂದೇ ಮಾತು. ಮತ್ತೆ ಆ ವಿಷಯ ಬರುವುದಿಲ್ಲ. ಅವನು ಹೆದರಿಕೊಂಡು ಅಡಗಿದವನಲ್ಲ. ಹಸಿವು ಒಂದು ಕಡೆ, ಅಗಲಿಕೆ ಒಂದು ಕಡೆ ಇಟ್ಟು ತೂಗಿ ಹಸಿವನ್ನು ಆರಿಸಿಕೊಂಡವನು. 12 ವರ್ಷದ ಮಗು ಇಂಥ ಲೆಕ್ಕ ಹಾಕಬೇಕಾಗಿ ಬಂತಲ್ಲ ಎಂದು ನನಗೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಇವತ್ತು ಜಪಾನಿನಲ್ಲಿ 189ಕ್ಕೆ ಫೋನ್ ಮಾಡಿದರೆ ಮಕ್ಕಳ ರಕ್ಷಣೆಯ ಕಚೇರಿಗೆ ಸಿಗುತ್ತದೆ, ನಮ್ಮಲ್ಲಿ 1098 ಇದೆ. ಆದರೆ ನಂಬರ್ ಇದ್ದರೂ ಅಕಿರಾನಂಥ ಹುಡುಗ ಮಾಡುವುದಿಲ್ಲ. ಮಾಡಬೇಕಾದವರು ಆ ಅಂಗಡಿಯವರು, ಆ ಮಾಲೀಕರ ಮನೆಯಾಕೆ.

ಮೊದಲ ಒಂದು ಗಂಟೆ ಏನೂ ನಡೆಯುವುದಿಲ್ಲ ಎಂದಿರಿ. ನಡೆಯುತ್ತದೆ, ಆದರೆ ವಸ್ತುಗಳ ಮೇಲೆ ನಡೆಯುತ್ತದೆ. ತಾಯಿ ಕ್ಯೋಕೊಳ ಉಗುರಿಗೆ ಕೆಂಪು ಬಣ್ಣ ಹಚ್ಚುತ್ತಾಳೆ. ಹುಡುಗಿ ಹಿಗ್ಗುತ್ತಾಳೆ. ದಿನ ಕಳೆಯುತ್ತಾ ಹೋದ ಹಾಗೆ ಆ ಬಣ್ಣ ಸವೆದು ಚೂರು ಉಳಿಯುತ್ತದೆ. ತಾಯಿ ಹೋಗಿ ಎಷ್ಟು ದಿನ ಆಯಿತು ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಆ ಉಗುರು ನೋಡಿದರೆ ಸಾಕು. ನೂಡಲ್ಸ್ ಕಪ್‌ಗಳನ್ನು ನೋಡಿ. ಮೊದಲು ಬಿಸಿಬಿಸಿ ನೂಡಲ್ಸ್. ಆಮೇಲೆ ಉಳಿದ ರಸಕ್ಕೆ ಅನ್ನ ಕಲಸಿಕೊಳ್ಳುತ್ತಾರೆ. ಕೊನೆಗೆ ಖಾಲಿ ಕಪ್‌ಗೆ ಮಣ್ಣು ತುಂಬಿ, ರಸ್ತೆ ಬದಿಯ ಕಳೆಗಿಡದಿಂದ ಕಿತ್ತು ತಂದ ಬೀಜ ಊರುತ್ತಾರೆ. ಬಾಲ್ಕನಿಯಲ್ಲಿ ಗಿಡ ಬೆಳೆಯುತ್ತದೆ, ಒಳಗೆ ಕರೆಂಟು ಹೋಗಿರುತ್ತದೆ. ಬೇಸಿಗೆಯಲ್ಲಿ ಒಂದು ದಿನ ಶಿಗೆರು ಏನೋ ಜಗಿಯುತ್ತಿರುತ್ತಾನೆ. ಏನದು ಎಂದು ಅಣ್ಣ ಕೇಳುತ್ತಾನೆ. ಕಾಗದ. ಹಸಿವಿನ ಬಗ್ಗೆ ಇಡೀ ಸಿನಿಮಾ ಹೇಳುವುದು ಇಷ್ಟೇ.

ಹೊಸ ವರ್ಷದ ದೃಶ್ಯವನ್ನು ನಾನು ಪಾಠ ಮಾಡುವಾಗ ಎರಡೆರಡು ಸಲ ಹಾಕುತ್ತೇನೆ. ಹೊಸ ವರ್ಷಕ್ಕೆ ದೊಡ್ಡವರು ಮಕ್ಕಳಿಗೆ ಲಕೋಟೆಯಲ್ಲಿ ದುಡ್ಡು ಕೊಡುವುದು ಜಪಾನಿನ ಪದ್ಧತಿ. ಕ್ರಿಸ್‌ಮಸ್‌ಗೆ ಬರುತ್ತೇನೆ ಎಂದ ತಾಯಿ ಬಂದಿಲ್ಲ. ಅಕಿರಾ ಒಂದು ನಂಬರಿಗೆ ಫೋನ್ ಮಾಡುತ್ತಾನೆ. ತಾಯಿಯೇ ಎತ್ತುತ್ತಾಳೆ, ಆದರೆ ಬೇರೆ ಮನೆತನದ ಹೆಸರು ಹೇಳುತ್ತಾಳೆ. ಹುಡುಗ ಮಾತಾಡದೆ ಇಡುತ್ತಾನೆ. ಆಮೇಲೆ ಅಂಗಡಿಯ ಹುಡುಗಿಯ ಹತ್ತಿರ ಲಕೋಟೆಗಳ ಮೇಲೆ ತಮ್ಮ ತಂಗಿಯರ ಹೆಸರು ಬರೆಸಿ, ಅಮ್ಮ ಕಳಿಸಿದ್ದು ಎಂದು ಹಂಚುತ್ತಾನೆ. ಚಿಕ್ಕವರು ಕುಣಿಯುತ್ತಾರೆ. ಕ್ಯೋಕೊ ಅಕ್ಷರ ಗಮನಿಸುತ್ತಾಳೆ. ಅಮ್ಮನ ಅಕ್ಷರ ಹಾಗಿಲ್ಲ. ಹುಡುಗಿಗೆ ಗೊತ್ತಾಯಿತು ಎಂದು ನಮಗೆ ಗೊತ್ತಾಗುತ್ತದೆ, ಅಣ್ಣನಿಗೆ ಅವಳು ಅಲ್ಲಿ ಏನೂ ಹೇಳುವುದಿಲ್ಲ. ಒಂದು ಕೊಲೆಯ ದೃಶ್ಯದಲ್ಲಿ ಆಗುವುದಕ್ಕಿಂತ ಜಾಸ್ತಿ ಇಲ್ಲಿ ಆಗಿದೆ ಎಂದು ನಾನು ನಂಬುತ್ತೇನೆ.

ಇದೆಲ್ಲ ಇಷ್ಟು ನಿಜ ಅನಿಸಲು ಚಿತ್ರೀಕರಣದ ಕ್ರಮವೂ ಕಾರಣ. 2002ರ ಶರತ್ಕಾಲದಿಂದ 2003ರ ಬೇಸಿಗೆಯವರೆಗೆ, ಋತು ಬದಲಾದಂತೆ ಬಿಟ್ಟು ಬಿಟ್ಟು, ಕಥೆಯ ಕ್ರಮದಲ್ಲೇ ಚಿತ್ರಿಸಿದರು. ಮಕ್ಕಳ ಕೈಗೆ ಸ್ಕ್ರಿಪ್ಟ್ ಕೊಡಲಿಲ್ಲ. ಆಯಾ ದೃಶ್ಯದ ಹೊತ್ತಿಗೆ ನಿರ್ದೇಶಕರು ಬಾಯಲ್ಲೇ ಮಾತು ಹೇಳಿಕೊಡುತ್ತಿದ್ದರು. ಅಕಿರಾ ಆದ ಯೂಯಾ ಯಾಗಿರಾ ಆ ಅವಧಿಯಲ್ಲಿ ನಿಜವಾಗಿಯೇ ಎತ್ತರ ಆದ, ಅವನ ಧ್ವನಿ ಒಡೆಯಿತು. ಮೇಕಪ್‌ನಿಂದ ಬರುವ ಬದಲಾವಣೆ ಅದಲ್ಲ. 2004ರ ಕಾನ್ ಚಿತ್ರೋತ್ಸವದಲ್ಲಿ 14 ವರ್ಷದ ಅವನಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಅಲ್ಲಿ ಆ ಪ್ರಶಸ್ತಿ ಪಡೆದವರಲ್ಲೇ ಅತಿ ಚಿಕ್ಕವನು. ಆ ವರ್ಷದ ತೀರ್ಪುಗಾರರ ಅಧ್ಯಕ್ಷ ಕ್ವೆಂಟಿನ್ ಟರಂಟಿನೊ. ರಕ್ತಪಾತದ ಸಿನಿಮಾಗಳಿಗೆ ಹೆಸರಾದವರ ತಂಡ ಈ ಮೆಲುದನಿಯ ಹುಡುಗನನ್ನು ಆರಿಸಿತು.

ತಾಯಿಯ ವಿಷಯ. ನಿರ್ದೇಶಕರಿಗೆ ಸಿಟ್ಟಿಲ್ಲವಾ ಎಂದು ಕೇಳಿದಿರಿ. ಕೇಕೊ ಪಾತ್ರಕ್ಕೆ ಅವರು ಆರಿಸಿದ್ದು ಟಿವಿಯಲ್ಲಿ ಜನಪ್ರಿಯಳಾದ ‘ಯೂ’ ಎಂಬ ಗಾಯಕಿ ನಟಿಯನ್ನು. ಚಿಕ್ಕ ಹುಡುಗಿಯ ಹಾಗೆ ಉಲಿಯುವ ದನಿ ಆಕೆಯದು. ಆಕೆ ಮಕ್ಕಳ ಜೊತೆ ಆಡುತ್ತಾಳೆ, ನಗಿಸುತ್ತಾಳೆ, ತಲೆ ಬಾಚುತ್ತಾಳೆ. ಮಕ್ಕಳಿಗೆ ಆಕೆ ಇಷ್ಟ. ನೋಡುವ ನಮಗೂ ಇಷ್ಟವಾಗಿಬಿಡುತ್ತಾಳೆ, ಅದೇ ಕಷ್ಟ. ಒಮ್ಮೆ ಅಕಿರಾ ನೀನು ಸ್ವಾರ್ಥಿ ಎನ್ನುತ್ತಾನೆ. ನಾನು ಸುಖವಾಗಿರಬಾರದಾ ಎಂದು ಆಕೆ ಕೇಳುತ್ತಾಳೆ. ನಮ್ಮನ್ನು ಬಿಟ್ಟುಹೋದ ನಿನ್ನಪ್ಪನೇ ಎಲ್ಲರಿಗಿಂತ ಸ್ವಾರ್ಥಿ ಎಂದೂ ಹೇಳುತ್ತಾಳೆ. ಅದು ಸುಳ್ಳಲ್ಲ. ನಾಲ್ಕು ಮಕ್ಕಳಿಗೆ ನಾಲ್ವರು ತಂದೆಯರು. ಅವರಲ್ಲಿ ಒಬ್ಬನಾದರೂ ನೆಟ್ಟಗೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ 1988ರ ಸುದ್ದಿಗಳಲ್ಲಿ ಬೈಗುಳ ಬಿದ್ದದ್ದು ಮುಖ್ಯವಾಗಿ ತಾಯಿಗೆ. ಕೊರೆಎದಾ ಆಕೆಯನ್ನು ಕ್ಷಮಿಸಿಲ್ಲ. ಆಕೆ ಏನು ಮಾಡಿದಳು ಎಂದು ಒಂದೊಂದಾಗಿ ತೋರಿಸಿದ್ದಾರೆ. ರಾಕ್ಷಸಿ ಮಾಡಿದ್ದರೆ ನಾವು ನಮ್ಮನ್ನು ಆಕೆಯಿಂದ ದೂರ ಇಟ್ಟುಕೊಂಡು ನೆಮ್ಮದಿಯಾಗಿ ಇರುತ್ತಿದ್ದೆವು. ಆ ನೆಮ್ಮದಿ ಕೊಡಲು ಅವರು ಒಪ್ಪಲಿಲ್ಲ. ನನ್ನ ಪ್ರಕಾರ ಅವರ ಸಿಟ್ಟು ಇರುವುದೇ ಅಲ್ಲಿ.

ಈಗ ಯುಕಿ. ಅಕಿರಾ ಅಪರೂಪಕ್ಕೆ ಬೇರೆ ಹುಡುಗರ ಜೊತೆ ಬೇಸ್‌ಬಾಲ್ ಆಡಿ ಬರುತ್ತಾನೆ. ಅವನ ಬಾಲ್ಯದ ಒಂದು ಮಧ್ಯಾಹ್ನ. ಬಂದು ನೋಡಿದರೆ ಪುಟ್ಟಿ ನೆಲದಲ್ಲಿ ಬಿದ್ದಿದ್ದಾಳೆ. ಬೀಳುವುದನ್ನು ನಮಗೆ ತೋರಿಸುವುದಿಲ್ಲ. ಅವಳು ಹೋದ ಮೇಲೆ ಮಕ್ಕಳು ಅವಳನ್ನು ಸೂಟ್‌ಕೇಸ್‌ನಲ್ಲಿ ಮಲಗಿಸಲು ಹೋಗುತ್ತಾರೆ. ಈ ಮನೆಗೆ ಬಂದ ದಿನ ಅವಳು ಕೂತು ಬಂದಿದ್ದ ಪೆಟ್ಟಿಗೆಯಲ್ಲಿ ಈಗ ಹಿಡಿಸುವುದಿಲ್ಲ. ಯುಕಿ ಬೆಳೆದಿದ್ದಾಳೆ. ಸರಿಯಾಗಿ ಊಟ ಸಿಗದ ಆ ತಿಂಗಳುಗಳಲ್ಲೂ ಅಣ್ಣ ಅಕ್ಕ ಸೇರಿ ಅವಳನ್ನು ಬೆಳೆಸಿದ್ದಾರೆ. ಅದನ್ನು ಅವರು ತಿಳಿಯುವುದು ಈ ಹೊತ್ತಿನಲ್ಲಿ. ಇದಕ್ಕಿಂತ ದೊಡ್ಡ ಪೆಟ್ಟಿಗೆ ಹುಡುಕುತ್ತಾರೆ. ಅವಳಿಗೆ ಇಷ್ಟದ ಅಪೊಲೊ ಚಾಕೊಲೇಟ್ ಕೊಳ್ಳಲು ಅಕಿರಾ ಸಾಕಿ ಎಂಬ ಗೆಳತಿಯ ಹತ್ತಿರ ದುಡ್ಡು ಕೇಳುತ್ತಾನೆ. ಆ ಹುಡುಗಿ ಒಬ್ಬ ದೊಡ್ಡ ಗಂಡಸಿನ ಜೊತೆ ಕರಾವೊಕೆಗೆ ಹೋಗಿ ಸಂಪಾದಿಸಿದ ದುಡ್ಡನ್ನು ಹಿಂದೆ ಅವನೇ ಬೇಡ ಎಂದು ಓಡಿಹೋಗಿದ್ದ. ಈಗ ತೆಗೆದುಕೊಳ್ಳುತ್ತಾನೆ. ತನ್ನ ಅಭಿಮಾನ ಈಗ ಅವನಿಗೆ ಮುಖ್ಯವಲ್ಲ, ತಂಗಿಗೆ ಕೊಟ್ಟ ಮಾತು ಮುಖ್ಯ. ಒಂದು ದಿನ ಮೊನೊರೈಲಿನಲ್ಲಿ ವಿಮಾನ ನೋಡಲು ಕರೆದುಕೊಂಡು ಹೋಗುತ್ತೇನೆ ಎಂದಿದ್ದ. ಹನೇಡಾ ವಿಮಾನ ನಿಲ್ದಾಣದ ಬಳಿ ಅವಳನ್ನು ಹೂಳುತ್ತಾರೆ. ಆಗ ಅವನು ತಂಗಿಯನ್ನು ಮುಟ್ಟಿದಾಗ ತಣ್ಣಗಿದ್ದಳು ಎಂದು ಹೇಳಲು ಹೋಗಿ ಮಾತು ಮುಗಿಸಲಾರದೆ ನಿಲ್ಲಿಸುತ್ತಾನೆ, ಕೈ ನಡುಗುತ್ತದೆ. ಸಾಕಿ ಆ ಕೈ ಹಿಡಿಯುತ್ತಾಳೆ. ಯಾರೂ ಅಳಲಿಲ್ಲ ಎಂದಿರಿ. ಆ ಕೈ ನೋಡಿ.

ಕೊನೆಯದಾಗಿ ಮಗಳಿಗೆ ತೋರಿಸುವ ವಿಷಯ. 11 ವರ್ಷ ಅಂದರೆ ಹೆಚ್ಚುಕಡಿಮೆ ಕ್ಯೋಕೊ ವಯಸ್ಸು. ಸಿನಿಮಾದಲ್ಲಿ ರಕ್ತ, ಕೆಟ್ಟ ದೃಶ್ಯ ಯಾವುದೂ ಇಲ್ಲ, ಆದರೂ ಈಗಲೇ ಬೇಡ ಎನ್ನುತ್ತೇನೆ. ಆ ವಯಸ್ಸಿನಲ್ಲಿ ಮಕ್ಕಳು ಕಥೆಗಿಂತ ಮೊದಲು ‘ನಮ್ಮಮ್ಮನೂ ಹೋಗಬಹುದಾ’ ಎಂಬುದನ್ನೇ ಹಿಡಿದುಕೊಳ್ಳುತ್ತಾರೆ. ಇನ್ನೆರಡು ಮೂರು ವರ್ಷ ಕಳೆಯಲಿ. ಆಗಲೂ ಒಬ್ಬಳನ್ನೇ ಕೂರಿಸಬೇಡಿ. 141 ನಿಮಿಷವೂ ಪಕ್ಕದಲ್ಲಿ ಕೂತು ನೋಡಿ, ಮಧ್ಯೆ ಪ್ರಶ್ನೆ ಕೇಳಿದರೆ ನಿಲ್ಲಿಸಿ ಉತ್ತರ ಕೊಡಿ. ಸದ್ಯಕ್ಕೆ ಇದೇ ನಿರ್ದೇಶಕರ 2011ರ ‘ಐ ವಿಶ್’ ತೋರಿಸಿ. ಅಪ್ಪ ಅಮ್ಮ ಬೇರೆಯಾಗಿ, ಅಣ್ಣ ಕಾಗೊಶಿಮಾದಲ್ಲಿ, ತಮ್ಮ ಫುಕುವೊಕಾದಲ್ಲಿ ಬೆಳೆಯುತ್ತಿರುವ ಇಬ್ಬರು ಹುಡುಗರ ಕಥೆ. ಎರಡು ಬುಲೆಟ್ ರೈಲು ಎದುರುಬದುರು ಹಾದುಹೋಗುವ ಹೊತ್ತಿನಲ್ಲಿ ಕೇಳಿಕೊಂಡದ್ದು ಆಗುತ್ತದೆ ಎಂದು ನಂಬಿ, ಗೆಳೆಯರನ್ನೆಲ್ಲ ಕಟ್ಟಿಕೊಂಡು ಮನೆಯಲ್ಲಿ ಹೇಳದೆ ಹೊರಡುತ್ತಾರೆ. ಆ ಸಿನಿಮಾದಲ್ಲೂ ದೊಡ್ಡವರು ತಪ್ಪು ಮಾಡುತ್ತಾರೆ, ಆದರೆ ಮಕ್ಕಳು ಜೋರಾಗಿ ಕೂಗಬಹುದು. ನಿಮ್ಮ ಮಗಳಿಗೆ ಅದು ಖಂಡಿತ ಹಿಡಿಸುತ್ತದೆ.